ಆರ್ಗನ್ ಹಿಂದಿನ ಗೋಡೆ

ನನ್ನ ಕಿವಿ ಬಹಳ ಸೂಕ್ಷ್ಮ ಎಂದು ಎಲ್ಲರೂ ಹೇಳುತ್ತಿದ್ದರು, ನಾನೂ ಅಲ್ಲ ಅನ್ನುತ್ತಿರಲಿಲ್ಲ. ಮೂವತ್ತು ಜನ ಒಟ್ಟಿಗೆ ಹಾಡಿದರೂ ಯಾರ ಸ್ವರ ಕೂದಲೆಳೆಯಷ್ಟು ಜಾರಿದೆ ಎಂಬುದನ್ನು ತಿರುಗಿ ನೋಡದೆ ಹೇಳಬಲ್ಲವಳಾಗಿದ್ದೆ. ಹೇಳಬಲ್ಲವಳಾಗಿದ್ದರೆ ಸಾಕಿತ್ತು, ಹೇಳಿಯೇ ಬಿಡುತ್ತಿದ್ದೆ. ಹಾಗಾಗಿ ನನಗೆ ಗೆಳತಿಯರು ಕಡಿಮೆ. ಇಂಥ ಕಿವಿಯನ್ನು ಇಟ್ಟುಕೊಂಡು ಏಳು ತಿಂಗಳು ನಾನು ಏನನ್ನು ಕೇಳಿಸಿಕೊಳ್ಳಲಿಲ್ಲ ಎಂಬುದನ್ನು ಈಗ ಹೇಳುತ್ತೇನೆ.

ನಮ್ಮ ಚರ್ಚಿನ ಅಟ್ಟದ ಮೇಲೆ ಹಳೆಯ ಪೈಪ್ ಆರ್ಗನ್ ಒಂದಿದೆ. ಆರುನೂರ ಹನ್ನೆರಡು ಕೊಳವೆಗಳು; ದೊಡ್ಡದು ಎರಡಾಳೆತ್ತರ, ಚಿಕ್ಕದು ಪೆನ್ಸಿಲ್ಲಿನಷ್ಟು. ನುಡಿಸುವವರು ಮುಂದೆ ಕೂರುತ್ತಾರೆ. ಕೈಗಳಿಗೆ ಹಾರ್ಮೋನಿಯಂನಲ್ಲಿ ಇರುವಂಥ ಎರಡು ಸಾಲು ಮನೆಗಳು, ಕಾಲಿಗೆ ಒಂದು ಸಾಲು ಮರದ ಪಟ್ಟಿಗಳು. ಆದರೆ ಗಾಳಿ ಇಲ್ಲದಿದ್ದರೆ ಇದೆಲ್ಲ ಬರೀ ಮರಗೆಲಸ. ಗಾಳಿ ಬರುವುದು ಹಿಂದಿನ ಕೋಣೆಯಿಂದ. ಅಲ್ಲಿ ಮಂಚದಷ್ಟು ಅಗಲದ ಚರ್ಮದ ತಿದಿ ಇದೆ, ಅದನ್ನು ಉಬ್ಬಿಸಲು ಉದ್ದನೆಯ ಮರದ ಹಿಡಿ ಇದೆ. ಹಿಡಿಯನ್ನು ಕೆಳಗೆ ಒತ್ತಬೇಕು, ಮೇಲೆ ಬಿಡಬೇಕು, ಮತ್ತೆ ಒತ್ತಬೇಕು. ಮೊದಲು ಇದನ್ನು ಒಬ್ಬ ಮನುಷ್ಯ ಮಾಡುತ್ತಿದ್ದ, ಆಮೇಲೆ ಮೋಟರ್ ಬಂತು.

ಆ ಮನುಷ್ಯ ಗಂಟೆಮಾವ. ಚರ್ಚಿನ ಗಂಟೆ ಹೊಡೆಯುವವನು, ಬಾಗಿಲು ತೆಗೆಯುವವನು, ಮೇಣದ ಕಲೆ ಕೆರೆಯುವವನು, ಗಂಟೆಗೋಪುರದ ಕೆಳಗಿನ ಕೋಣೆಯಲ್ಲಿ ಒಂಟಿಯಾಗಿ ಇರುವವನು. ನನ್ನ ಸ್ವಂತ ಮಾವನಲ್ಲ. ಆದರೆ ನಾನು ತೊಟ್ಟಿಲಲ್ಲಿದ್ದಾಗಿನಿಂದ ನಮ್ಮ ಮನೆಗೆ ಬಂದು ಹೋಗುವವನು, ನನ್ನನ್ನು ಪುಟ್ಟಿ ಎಂದು ಕರೆಯುವ ಹಕ್ಕು ಇಟ್ಟುಕೊಂಡವನು. ಯೌವನದಲ್ಲಿ ಅವನು ಹಾಡಬೇಕೆಂದು ಆಸೆಪಟ್ಟು ಬಂದಿದ್ದನಂತೆ. ಆಗ ಅಪ್ಪ ಹೊಸದಾಗಿ ಆರ್ಗನ್ ನುಡಿಸುವ ಕೆಲಸಕ್ಕೆ ಸೇರಿದ್ದರು. ಇವನ ಎರಡು ಸಾಲು ಕೇಳಿ, "ಅಪ್ಪಾ ಮಹಾರಾಯ, ನಿನಗೆ ಕಿವಿನೇ ಇಲ್ಲ. ನಿನಗೆ ಕೈಮುಗಿತೀನಿ, ಹಿಂದೆ ಹೋಗಿ ಗಾಳಿ ಹಾಕು," ಅಂದರಂತೆ. ಅವನು ನಗುತ್ತಾ ಹಿಂದೆ ಹೋದ, ಇಪ್ಪತ್ತು ವರ್ಷ ಗಾಳಿ ಹಾಕಿದ. ಅವಮಾನ ಮಾಡಿದವನೂ ಮಾಡಿಸಿಕೊಂಡವನೂ ಜೀವದ ಗೆಳೆಯರಾದರು.

ಗಂಟೆಮಾವ ಚಿಕ್ಕವನಾಗಿದ್ದಾಗ ಹತ್ತಿ ಗಿರಣಿಯಲ್ಲಿ ದುಡಿದಿದ್ದ. ಆ ಧೂಳೆಲ್ಲ ಎದೆಯಲ್ಲಿ ಕೂತಿತ್ತು. ಐವತ್ತು ದಾಟುವಷ್ಟರಲ್ಲಿ ಮೆಟ್ಟಿಲು ಹತ್ತಿದರೆ ಉಬ್ಬಸ. ಡಾಕ್ಟರು ಎಕ್ಸ್‌ರೇ ಹಿಡಿದು ತೋರಿಸಿ, ಭಾರದ ಕೆಲಸ ಮಾಡಿದರೆ ಶ್ವಾಸಕೋಶ ಕೈಕೊಡುತ್ತದೆ ಎಂದು ಖಡಾಖಂಡಿತವಾಗಿ ಹೇಳಿದರು. ಅಪ್ಪ ಅವತ್ತೇ ಕಮಿಟಿಯವರ ಬೆನ್ನು ಬಿದ್ದು ಮೋಟರ್ ಹಾಕಿಸಿದರು. ಹಾಕಿಸಿ, ಗಂಟೆಮಾವನ ಕೈ ಹಿಡಿದು, "ಇನ್ನು ಮೇಲೆ ಆ ಹಿಡಿ ಮುಟ್ಟಿದರೆ ನನ್ನ ಮೇಲೆ ಆಣೆ," ಅಂದರು. ಗಂಟೆಮಾವ ಅವತ್ತು ಅತ್ತಿದ್ದನ್ನು ನಾನು ನೋಡಿದ್ದೆ. ಸಂತೋಷಕ್ಕೆ ಅಳುತ್ತಿದ್ದಾನೆ ಎಂದುಕೊಂಡಿದ್ದೆ.

ನನಗೆ ಇಪ್ಪತ್ತನಾಲ್ಕು ವರ್ಷವಿದ್ದಾಗ ಅಪ್ಪನಿಗೆ ಪಾರ್ಶ್ವವಾಯು ಬಡಿಯಿತು. ಬಲಗೈ ಬಿದ್ದುಹೋಯಿತು, ಮಾತು ತೊದಲತೊಡಗಿತು. ಅಮ್ಮ ಅದಕ್ಕೆ ಮೊದಲೇ ತೀರಿಕೊಂಡಿದ್ದಳು. ನಾವಿದ್ದದ್ದು ಚರ್ಚಿನ ಎದುರಿನ ಎರಡು ಕೋಣೆಯ ಮನೆ. ಆರ್ಗನ್ ನುಡಿಸುವವರಿಗೆಂದು ಕೊಟ್ಟದ್ದು. ಕಮಿಟಿ ಸೇರಿತು. ಅಧ್ಯಕ್ಷರು ಲೋಹದ ಕಪಾಟು ಮಾರುವವರು, ಸಂಗೀತವನ್ನೂ ಕಪಾಟಿನ ಹಾಗೆಯೇ ನೋಡುವವರು. "ಅಷ್ಟು ದೊಡ್ಡ ಸಾಮಾನು ಯಾಕೆ? ಒಂದು ಎಲೆಕ್ಟ್ರಾನಿಕ್ ಕೀಬೋರ್ಡ್ ಇಟ್ಟರೆ ಮೂಲೆಯಲ್ಲಿ ಕೂರುತ್ತೆ," ಅಂದರು. ಫಾದರ್ ಬೇಡ ಅಂದರು. ವಾದವಾಗಿ ಕೊನೆಗೆ ಒಂದು ತೀರ್ಮಾನಕ್ಕೆ ಬಂದರು. ಏಳು ತಿಂಗಳ ನಂತರ ಸಂಗೀತ ಶಾಲೆಯಿಂದ ಪರೀಕ್ಷಕರು ಬರುತ್ತಾರೆ. ನಾನು ಪಾಸಾದರೆ ಅಪ್ಪನ ಕೆಲಸ ನನಗೆ, ಮನೆಯೂ ನಮಗೆ, ಆರ್ಗನ್ನೂ ಉಳಿಯುತ್ತದೆ. ಇಲ್ಲವಾದರೆ ಆರ್ಗನ್ ಬಿಚ್ಚಿ ಮಾರುವುದು, ನಾವು ಬೇರೆ ಮನೆ ನೋಡಿಕೊಳ್ಳುವುದು. ಅಲ್ಲಿಯವರೆಗೆ ಭಾನುವಾರದ ಪೂಜೆಗೆ ಅಧ್ಯಕ್ಷರ ಕೀಬೋರ್ಡೇ ಸಾಕು.

ನಾನು ಅಪ್ಪನಿಂದ ಕಲಿತಿದ್ದೆ, ಆದರೆ ಪರೀಕ್ಷೆಗೆ ಕೊಟ್ಟದ್ದು ಹದಿನಾಲ್ಕು ನಿಮಿಷದ ರಾಕ್ಷಸ ಕೃತಿ. ದಿನಾ ನಾಲ್ಕು ಗಂಟೆ ಕೂರದೆ ಅದು ಕೈಗೆ ಬರುವಂತಿರಲಿಲ್ಲ. ಎರಡನೇ ವಾರವೇ ಮೋಟರ್ ಸುಟ್ಟುಹೋಯಿತು. ಕಮಿಟಿಯನ್ನು ಕೇಳಿದರೆ, ಪರೀಕ್ಷೆ ಮುಗಿಯಲಿ ನೋಡೋಣ ಅಂದರು. ಗಾಳಿ ಇಲ್ಲದೆ ಪರೀಕ್ಷೆಗೆ ಕೂರುವುದು ಹೇಗೆ ಎಂದು ನಾನು ಅಧ್ಯಕ್ಷರ ಅಂಗಡಿಗೇ ಹೋಗಿ ಜಗಳವಾಡಿದೆ. ಅವರು ಗಿರಾಕಿಗೆ ತೋರಿಸುವ ಹಾಗೆ ನನಗೆ ಒಂದು ಕಪಾಟು ತೋರಿಸಿದರು.

ಆ ಸಂಜೆ ಗಂಟೆಮಾವ ಮನೆಗೆ ಬಂದ. "ಹಿಡಿ ಇದೆಯಲ್ಲ ಪುಟ್ಟಿ. ನಾನಿದೀನಿ," ಅಂದ.

ಅಪ್ಪನ ತೊದಲು ಮಾತಿಗೆ ಅಷ್ಟು ಸಿಟ್ಟು ಬರುತ್ತದೆಂದು ನನಗೆ ಗೊತ್ತಿರಲಿಲ್ಲ. "ಆಣೆ," ಅಂದರು. "ನನ್ನ ಆಣೆ."

ನಾನೂ ಬಿಡಲಿಲ್ಲ. "ಮಾವ, ನಿಮ್ಮ ಜೀವ ತೆಗೆದು ನಾನು ನುಡಿಸಬೇಕಾ? ಆರ್ಗನ್ನೂ ಬೇಡ, ಮನೆಯೂ ಬೇಡ. ಎಲ್ಲಾದರೂ ಟೈಪಿಂಗ್ ಕೆಲಸ ಹುಡುಕ್ತೀನಿ," ಎಂದೆ. ನಿಜಕ್ಕೂ ಹಾಗೇ ಅಂದುಕೊಂಡಿದ್ದೆ. ನನ್ನಲ್ಲಿ ಒಳ್ಳೆಯದೇನಾದರೂ ಇದ್ದರೆ ಅದು ಆ ಒಂದು ಮಾತು, ಹಾಗಾಗಿ ಬರೆದಿಡುತ್ತಿದ್ದೇನೆ.

ಮೂರು ದಿನ ಬಿಟ್ಟು ಗಂಟೆಮಾವ ಮತ್ತೆ ಬಂದ. ಗಿರಣಿಯ ಹಳೇ ಸ್ನೇಹಿತನೊಬ್ಬ ಮೋಟರ್ ರಿಪೇರಿ ಬಲ್ಲವನು, ಬಂದು ಸರಿಮಾಡಿ ಕೊಟ್ಟ, ಕಮಿಟಿಗೆ ಹೇಳಬೇಡಿ, ಹೇಳಿದರೆ ಕಿತ್ತುಹಾಕಿಸುತ್ತಾರೆ ಅಂದ. ಹುಟ್ಟಿದಾಗಿನಿಂದ ಸುಳ್ಳು ಹೇಳದ ಮನುಷ್ಯ. ಅವನ ಮಾತನ್ನು ಅನುಮಾನಿಸುವುದು ನನಗೆ ಹೊಳೆಯಲೇ ಇಲ್ಲ.

"ಆದರೆ ಪುಟ್ಟಿ, ಅದು ಹಳೇ ಮೋಟರ್ರು. ಅರ್ಧ ಗಂಟೆ ಓಡಿದರೆ ಬಿಸಿಯಾಗುತ್ತೆ. ಹತ್ತು ನಿಮಿಷ ಬಿಡಬೇಕು. ಹಿಂದಿನ ಕೋಣೆಯಲ್ಲಿ ವೈರೆಲ್ಲ ಬಿಚ್ಚಿಟ್ಟಿದೆ, ನೀನು ಬರಬೇಡ. ನಾನೇ ಸ್ವಿಚ್ ಹಾಕಿ ಅಲ್ಲೇ ಕೂತು ಜಪಸರ ಹೇಳ್ಕೋತೀನಿ."

ದಿನಾ ಬೆಳಿಗ್ಗೆ ಒಂಬತ್ತಕ್ಕೆ ನಾನು ಅಟ್ಟ ಹತ್ತುತ್ತಿದ್ದೆ. ಆರ್ಗನ್ನಿಗೂ ಹಿಂದಿನ ಕೋಣೆಗೂ ನಡುವಿನ ಹಲಗೆಯ ಮೇಲೆ ಎರಡು ಸಲ ತಟ್ಟುತ್ತಿದ್ದೆ. ಹಿಂದಿನಿಂದ ಗಾಳಿ ಬರುತ್ತಿತ್ತು. ಮೊದಲಿನ ಮೋಟರ್ ಜೇನುಹುಳುವಿನ ಹಾಗೆ ಗುಂಯ್‌ಗುಡುತ್ತಿತ್ತು, ಇದು ಸದ್ದೇ ಇಲ್ಲ. ಎಂಥ ಒಳ್ಳೇ ರಿಪೇರಿ ಎಂದು ನಾನು ಮೆಚ್ಚಿಕೊಂಡೆ. ಅರ್ಧ ಗಂಟೆಯಾದ ಮೇಲೆ ಮೂರು ಸಲ ತಟ್ಟಿದರೆ ನಿಲ್ಲುತ್ತಿತ್ತು. ಕೆಲವು ದಿನ ಹತ್ತು ನಿಮಿಷ ಹೋಗಿ ಇಪ್ಪತ್ತಾಗುತ್ತಿತ್ತು. ನಾನು ಹಲಗೆಗೆ ಬಾಯಿಟ್ಟು, "ಏನ್ ಮಾವ, ನಿಮ್ಮ ಮೋಟರಿಗೆ ನಿದ್ದೆ ಬಂತಾ? ಇಂಥ ಸೋಮಾರಿ ಮೋಟರ್ ಎಲ್ಲೂ ನೋಡಿಲ್ಲ," ಎಂದು ರೇಗಿಸುತ್ತಿದ್ದೆ. ಒಳಗಿಂದ ನಗು ಕೇಳುತ್ತಿತ್ತು. ನಗು ಸ್ವಲ್ಪ ಕೆಮ್ಮಿನಲ್ಲಿ ಮುಗಿಯುತ್ತಿತ್ತು.

ಆಗ ಫಾದರ್ ನನ್ನ ಮೇಲೆ ಮುನಿಸಿಕೊಂಡಿದ್ದಾರೆ ಎಂದು ನನಗೆ ಅನಿಸುತ್ತಿತ್ತು. ದಪ್ಪ ಮನುಷ್ಯ, ಮೊದಲೆಲ್ಲ ನನ್ನನ್ನು ಕಂಡರೆ ತಮಾಷೆ ಮಾಡುತ್ತಿದ್ದವರು. ಈಗ ನಾನು ಅಟ್ಟ ಹತ್ತುವುದನ್ನು ನೋಡಿದರೆ ಸಾಕು, ಹರಳೆಣ್ಣೆ ಕುಡಿದವರ ಹಾಗೆ ಮುಖ ಮಾಡಿಕೊಂಡು ಹೋಗಿಬಿಡುತ್ತಿದ್ದರು. ನನ್ನ ಕೈ ಇನ್ನೂ ಪಳಗಿಲ್ಲ, ಅವರಿಗೆ ಕೇಳಲು ಹಿಂಸೆಯಾಗುತ್ತಿರಬೇಕು ಎಂದು ನಾನು ಇನ್ನೂ ಹೆಚ್ಚು ಹೊತ್ತು ಕೂತೆ.

ಕೃತಿಯ ನಡುವೆ ಒಂದು ಮೆಲ್ಲನೆಯ ಜಾಗವಿದೆ. ಕೈಗೆ ಕೊಳಲಿನಂಥ ಒಂದೇ ಸಾಲು, ಕಾಲಿಗೆ ಆಗೊಮ್ಮೆ ಈಗೊಮ್ಮೆ ಒಂದು ದಪ್ಪ ಸ್ವರ ಬಿಟ್ಟು ಉಳಿದ ಕೊಳವೆಗಳನ್ನೆಲ್ಲ ಮುಚ್ಚಿ, ಎರಡು ನಿಮಿಷ, ಹಾಲು ಕುಡಿದು ಮಲಗಿದ ಮಗುವಿನ ಪಕ್ಕ ನಡೆದಾಡುವಷ್ಟು ಮೆತ್ತಗೆ ನುಡಿಸಬೇಕು. ನಾಲ್ಕನೇ ತಿಂಗಳಲ್ಲಿ ಅಲ್ಲಿ ನನಗೊಂದು ಸದ್ದು ಕೇಳತೊಡಗಿತು. ಸುಯ್, ಸುಯ್, ಸುಯ್. ಜೋರು ಜಾಗದಲ್ಲಿ ಮುಚ್ಚಿಹೋಗುತ್ತಿತ್ತು, ಮೆಲ್ಲನೆಯ ಜಾಗ ಬಂದ ಕೂಡಲೇ ಹಾಜರ್. ನಾನು ಎರಡು ದಿನ ಕಣ್ಣು ಮುಚ್ಚಿ ಕೇಳಿ ರೋಗ ಕಂಡುಹಿಡಿದೆ. ತಿದಿಯ ಚರ್ಮ ಎಲ್ಲೋ ಸೀಳಿದೆ, ಗಾಳಿ ಸೋರುತ್ತಿದೆ.

ಮೆಟ್ಟಿಲ ಬಳಿ ಗಂಟೆಮಾವನನ್ನು ಹಿಡಿದು ಹೇಳಿದೆ. "ಮಾವ, ತಿದಿ ಒಡೆದಿದೆ. ಮೆಲ್ಲಗೆ ನುಡಿಸೋ ಜಾಗದಲ್ಲಿ ಸುಯ್‌ಗುಡುತ್ತೆ, ಮುದುಕರು ಗೊರಕೆ ಹೊಡೆದ ಹಾಗೆ. ಅಸಹ್ಯ. ಪರೀಕ್ಷಕರು ಕೇಳಿದರೆ ಮಾನ ಹೋಗುತ್ತೆ. ಒಂದು ತೇಪೆ ಹಾಕಿ."

"ಅಷ್ಟು ಕೇಳುತ್ತಾ?"

"ನನಗೆ ಕೇಳದೆ ಇರುತ್ತಾ?"

"ಹೌದಪ್ಪಾ, ನಿನ್ನ ಕಿವಿ ಅಂದರೆ ಸಾಮಾನ್ಯವಾ. ಸರಿ ಮಾಡ್ತೀನಿ ಪುಟ್ಟಿ."

ಒಂದು ವಾರದಲ್ಲಿ ಸದ್ದು ಅರ್ಧವಾಯಿತು. ಎರಡು ವಾರಕ್ಕೆ ಪೂರಾ ಹೋಯಿತು. ಮೆಲ್ಲನೆಯ ಜಾಗ ಕನ್ನಡಿಯ ಹಾಗೆ ನಿಂತಿತು. ಮನೆಗೆ ಬಂದು ಅಪ್ಪನ ಮುಂದೆ ಕೊಚ್ಚಿಕೊಂಡೆ. ಸೋರುವ ತಿದಿಯನ್ನು ನೋಡದೆ ಕಿವಿಯಿಂದಲೇ ಕಂಡುಹಿಡಿದೆ ಎಂದೆ. ಅಪ್ಪ ಕಿಟಕಿಯ ಬಳಿ ಕುರ್ಚಿಯಲ್ಲಿ ಕೂತಿದ್ದರು. ನಾನು ನುಡಿಸುವುದು ಅಲ್ಲಿಗೆ ಚೆನ್ನಾಗಿ ಕೇಳುತ್ತದೆ. "ಈ ಮೋಟರು... ನಿನ್ನ ಜೊತೆ ಉಸಿರಾಡುತ್ತೆ," ಅಂದರು. ಹೊಗಳಿಕೆ ಎಂದುಕೊಂಡು ನಾನು ಬೀಗಿದೆ.

ಪರೀಕ್ಷೆಯ ದಿನ ಬಂತು. ಸಂಜೆ ಐದು ಗಂಟೆ. ಮೋಡ ಕವಿದು ಕತ್ತಲಾಗಿದ್ದರಿಂದ ಚರ್ಚಿನ ದೀಪಗಳನ್ನೆಲ್ಲ ಹಾಕಿದ್ದರು. ನಾನು ಅಷ್ಟು ತಿಂಗಳು ನುಡಿಸಿದ್ದು ಬೆಳಗಿನ ಬೆಳಕಲ್ಲಿ, ಕಿಟಕಿ ಪಕ್ಕ. ಅಲ್ಲಿ ದೀಪ ಹಾಕಿಸಿದ್ದು ಅವತ್ತೇ ಮೊದಲು. ಕೆಳಗೆ ಮುಂದಿನ ಬೆಂಚಿನಲ್ಲಿ ಪರೀಕ್ಷಕಿ, ಬೂದು ಕೂದಲಿನ ಹೆಂಗಸು, ಮೊಣಕಾಲ ಮೇಲೆ ಕಾಗದ. ಪಕ್ಕದಲ್ಲಿ ಅಧ್ಯಕ್ಷರು, ಗಾಳಿ ಎಲ್ಲಿಂದ ಬರುತ್ತದೆಂದು ಒಮ್ಮೆಯೂ ಕೇಳದವರು, ಅವರ ಪಕ್ಕ ಫಾದರ್, ಬೆರಳು ಬೆರಳಿಗೆ ಹೆಣೆದುಕೊಂಡು. ಅಪ್ಪನನ್ನು ಗಾಲಿಕುರ್ಚಿಯಲ್ಲಿ ತಂದು ಕೂರಿಸಿದ್ದರು. ನಾನು ಹಲಗೆಗೆ ಎರಡು ಸಲ ತಟ್ಟಿದೆ. ಗಾಳಿ ಬಂತು.

ಮೊದಲ ಐದು ನಿಮಿಷ ನನ್ನ ಜೀವಮಾನದಲ್ಲೇ ನುಡಿಸದಷ್ಟು ಚೆನ್ನಾಗಿ ನುಡಿಸಿದೆ. ಆರನೆಯ ನಿಮಿಷದಲ್ಲಿ ಹೊರಗೆಲ್ಲೋ ಢಂ ಎಂದಿತು, ದೀಪಗಳೆಲ್ಲ ಆರಿದವು. ಕೆಳಗಿನಿಂದ ಅಧ್ಯಕ್ಷರ ದನಿ ಕೇಳಿಸಿತು. "ಕರೆಂಟ್ ಹೋಯ್ತು. ನಿಲ್ಲಿಸಮ್ಮ."

ನನ್ನ ಕೈಗಳು ನಿಲ್ಲಲಿಲ್ಲ. ಕಿಟಕಿಯ ಮಬ್ಬು ಬೆಳಕಿನಲ್ಲಿ ಆರ್ಗನ್ನಿನ ಮನೆಗಳು ಕಾಣುತ್ತಿದ್ದವು, ಕೃತಿ ಬೆರಳಲ್ಲೇ ಇತ್ತು. ನಾಲ್ಕು ಸಾಲು ನುಡಿಸಿದ ಮೇಲೆ ನನಗೆ ಅರ್ಥವಾಯಿತು. ಕರೆಂಟ್ ಇಲ್ಲ. ಮೋಟರ್ ಓಡುವಂತಿಲ್ಲ. ಆರುನೂರು ಕೊಳವೆಗಳು ಒಂದೇ ಸಮನೆ ಹಾಡುತ್ತಿವೆ.

ಅಷ್ಟು ದಿನದ ಸದ್ದಿಲ್ಲದ ರಿಪೇರಿ, ಸೋಮಾರಿ ಮೋಟರು, ಕೆಮ್ಮಿನಲ್ಲಿ ಮುಗಿಯುವ ನಗು, ಎಲ್ಲ ಒಟ್ಟಿಗೆ ಬಂದು ಎದುರಿಗೆ ನಿಂತವು. ನಿಲ್ಲಿಸಿಬಿಡಲೇ ಅನಿಸಿತು. ನಿಲ್ಲಿಸಿದರೆ ಅವನು ಏಳು ತಿಂಗಳು ಒತ್ತಿದ್ದೆಲ್ಲ ನೀರುಪಾಲು. ನಿಲ್ಲಿಸದಿದ್ದರೆ ಅವನು ಇನ್ನೂ ಎಂಟು ನಿಮಿಷ ಒತ್ತಬೇಕು. ಅಷ್ಟರಲ್ಲಿ ಮೆಲ್ಲನೆಯ ಜಾಗ ಹತ್ತಿರ ಬರುತ್ತಿತ್ತು. ಆಗ ಹೊಳೆಯಿತು, ತಿದಿ ಯಾವತ್ತೂ ಒಡೆದಿರಲಿಲ್ಲ. ಸುಯ್‌ಗುಟ್ಟಿದ್ದು ಅವನ ಎದೆ. ನಾನು ಅಸಹ್ಯ ಅಂದ ಮೇಲೆ ಅವನು ತೇಪೆ ಹಾಕಿದ್ದು ತನ್ನ ಉಸಿರಿಗೆ. ಆ ಎರಡು ನಿಮಿಷ, ಹಿಡಿ ಒತ್ತುತ್ತಲೇ, ಅವನು ಆದಷ್ಟು ಹೊತ್ತು ಉಸಿರು ಬಿಗಿಹಿಡಿಯುತ್ತಿದ್ದ.

ಮೆಲ್ಲನೆಯ ಜಾಗದ ಹೊಸ್ತಿಲಲ್ಲಿ ನಾನು ಕೈಯೆತ್ತಿಬಿಟ್ಟೆ. ಕಾಲೂ ಎತ್ತಿದೆ. ಇಡೀ ಚರ್ಚು ನಿಶ್ಶಬ್ದವಾಯಿತು. ಕೃತಿಯಲ್ಲಿ ಅಲ್ಲಿ ಮೌನವಿಲ್ಲ. ನಾನು ಹಲಗೆಯತ್ತ ತಿರುಗಿ ಮೆಲ್ಲಗೆ, "ಉಸಿರಾಡಿ ಮಾವ," ಎಂದೆ. ಅಟ್ಟದಿಂದ ಕೆಳಗಿನ ಬೆಂಚಿನವರೆಗೆ ಎಲ್ಲರೂ ಆ ಉಸಿರನ್ನು ಕೇಳಿದರು. ಹರಿದ ಬಟ್ಟೆ ಇನ್ನೂ ಹರಿದ ಹಾಗೆ, ಒಳಗೆ, ಹೊರಗೆ, ಒಳಗೆ.

ಆಗ ಕೆಳಗೆ ಬೆಂಚು ಕಿರುಗುಟ್ಟಿತು. ಫಾದರ್ ಎದ್ದಿದ್ದರು. ನಿಲುವಂಗಿಯನ್ನು ಎರಡೂ ಕೈಯಲ್ಲಿ ಮೊಣಕಾಲವರೆಗೆ ಎತ್ತಿಕೊಂಡು ಆ ದಪ್ಪ ಮನುಷ್ಯ ಇಪ್ಪತ್ತೆರಡು ಮೆಟ್ಟಿಲನ್ನು ಹೇಗೆ ಹತ್ತಿದರೋ ದೇವರೇ ಬಲ್ಲ. ನನ್ನ ಪಕ್ಕದಿಂದ ನುಗ್ಗಿ ಹಿಂದಿನ ಕೋಣೆಯ ಬಾಗಿಲು ದೂಡಿದರು. ಒಳಗೆ ಸಣ್ಣ ಎಳೆದಾಟ ಕೇಳಿಸಿತು. "ಬಿಡು ಮಾರಾಯ, ಈಗ ಎಲ್ಲರಿಗೂ ಗೊತ್ತಾಯ್ತು, ಇನ್ನು ನನಗೂ ಗೊತ್ತು ಅನ್ನಬಹುದು. ಬಿಡು ಅಂದೆ." ಆಮೇಲೆ ಫಾದರ್ ಅವರ ದನಿ ನನ್ನತ್ತ ಬಂತು. "ನುಡಿಸು."

ನುಡಿಸಿದೆ. ಫಾದರ್ ಹಾಕುವ ಗಾಳಿ ಎತ್ತಿನಗಾಡಿ ಕಲ್ಲು ಹತ್ತಿ ಇಳಿದ ಹಾಗೆ ಬರುತ್ತಿತ್ತು. ಕನ್ನಡಿಯ ಹಾಗೆ ನಿಲ್ಲಬೇಕಾದ ಜಾಗ ನಡುಗಿತು, ಸ್ವರಗಳು ಉಬ್ಬಿ ಇಳಿದವು. ಅಷ್ಟು ಕೆಟ್ಟದಾಗಿ ಆ ಜಾಗವನ್ನು ನಾನು ಮೊದಲ ತಿಂಗಳಲ್ಲೂ ನುಡಿಸಿರಲಿಲ್ಲ. ನನ್ನ ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಕೊನೆಯ ಸ್ವರ ಮುಗಿಸಿದವಳೇ ಹಿಂದಕ್ಕೆ ಓಡಿದೆ.

ಗಂಟೆಮಾವ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದ. ತುಟಿ ನೀಲಿಯಾಗಿತ್ತು. ಹಿಡಿಗೆ ತನ್ನ ಕಂಬಳಿಯನ್ನು ಹರಿದು ಸುತ್ತಿದ್ದ, ಕಿರುಗುಟ್ಟದಿರಲಿ ಎಂದು ಕೀಲಿಗೆ ಮೇಣ ಮೆತ್ತಿದ್ದ. ಸುಟ್ಟ ಮೋಟರ್ ಮೂಲೆಯಲ್ಲಿ ಹಾಗೇ ಧೂಳು ತಿನ್ನುತ್ತಿತ್ತು. ನಾನು ಅವನ ಮುಂದೆ ಕುಸಿದು ಕೂತೆ. ಅವನೇ ಉಸಿರು ಕೂಡಿಸಿಕೊಂಡು ಬಾಯಿ ತೆರೆದ.

"ಯಾಕೆ ನಿಲ್ಲಿಸಿದೆ ಪುಟ್ಟಿ? ಅಲ್ಲಿ ನಿಲ್ಲಿಸೋದಿಲ್ಲ." ನಂತರ ಫಾದರ್ ಅವರ ಕಡೆ ನೋಡಿ, "ಇವರಿಗೆ ಚೂರೂ ತಾಳ ಇಲ್ಲ," ಅಂದ.

ಫಾದರ್ ಬೆವರು ಒರೆಸಿಕೊಳ್ಳುತ್ತಾ ನಗುತ್ತಿದ್ದರು, ಅಳುತ್ತಲೂ ಇದ್ದರು. ಮಾವನನ್ನು ಆಸ್ಪತ್ರೆಗೆ ಸಾಗಿಸುವಾಗ ಅಧ್ಯಕ್ಷರೇ ಒಂದು ಕಡೆ ತೋಳು ಕೊಟ್ಟರು.

ಆಸ್ಪತ್ರೆಯಲ್ಲಿ ಮೂರನೇ ದಿನ ಅವನಿಗೆ ಮಾತಾಡುವಷ್ಟು ಚೇತರಿಕೆಯಾಯಿತು. ಮೂಗಿಗೆ ಆಮ್ಲಜನಕದ ಕೊಳವೆ. ನಾನು ಅಷ್ಟರಲ್ಲಿ ಜಗಳಕ್ಕೆ ತಯಾರಾಗಿದ್ದೆ.

"ಸುಳ್ಳು ಹೇಳಿದಿರಿ ಮಾವ. ಆಣೆ ಮುರಿದಿರಿ."

"ಹೂಂ. ಅದಕ್ಕೇ ಪ್ರತೀ ಶನಿವಾರ ಪಾಪನಿವೇದನೆಗೆ ಹೋಗ್ತಿದ್ದೆ. ಸುಳ್ಳು ಹೇಳಿದೆ ಫಾದರ್, ನಾಳಿದ್ದೂ ಹೇಳ್ತೀನಿ ಅಂತಿದ್ದೆ. ಹಾಗಾದರೆ ಕ್ಷಮೆ ಹೇಗೆ ಕೊಡೋದು, ಹೋಗಿ ನಿಜ ಹೇಳು ಅಂತಿದ್ದರು. ಆಗಲ್ಲ ಅಂತಿದ್ದೆ. ಅವರು ಬೈದು ಕಳಿಸ್ತಿದ್ದರು. ಮುಂದಿನ ಶನಿವಾರ ಮತ್ತೆ ಹೋಗ್ತಿದ್ದೆ." ಅವನು ನಗಲು ಹೋಗಿ ಕೆಮ್ಮಿದ. "ಪಾಪ, ಆ ಮನುಷ್ಯ. ಅಲ್ಲಿ ಕೇಳಿದ್ದನ್ನ ಯಾರಿಗೂ ಹೇಳೋ ಹಾಗಿಲ್ಲ. ನನ್ನಿಂದ ತುಂಬಾ ಸೊರಗಿದರು."

ಫಾದರ್ ಒಂದಿಷ್ಟೂ ಸೊರಗಿರಲಿಲ್ಲ. ಆದರೆ ಆ ಹರಳೆಣ್ಣೆ ಮುಖ ಯಾಕೆ ಎಂದು ನನಗೆ ತಿಳಿಯಿತು. ಬಾಯಿಗೆ ಬೀಗ ಹಾಕಿಕೊಂಡು ಏಳು ತಿಂಗಳು ಆ ಸಂಗೀತವನ್ನು ಕೇಳಿದ ಅವರನ್ನೂ ನಾನು ಸುಮ್ಮನೆ ತಪ್ಪು ತಿಳಿದಿದ್ದೆ.

"ನನಗೋಸ್ಕರ ಯಾಕೆ ಮಾಡಿದಿರಿ? ಒಂದು ಮನೆಗೋಸ್ಕರ, ಒಂದು ಕೆಲಸಕ್ಕೋಸ್ಕರ?"

ಅವನು ಸ್ವಲ್ಪ ಹೊತ್ತು ಕೊಳವೆಯ ಗಾಳಿ ಎಳೆದುಕೊಂಡ. "ನಿನಗೋಸ್ಕರಾನೇ. ನಿಮ್ಮಪ್ಪನಿಗೋಸ್ಕರ. ಇಲ್ಲ ಅನ್ನಲ್ಲ. ಆದರೆ ಪುಟ್ಟಿ, ನನಗೆ ಹಾಡೋಕೆ ಬರಲ್ಲ. ಎಲ್ಲರೂ ಹಾಡ್ತಾರೆ, ದೇವರಿಗೆ ಕೊಡೋಕೆ ನನ್ನ ಹತ್ತಿರ ಇದ್ದಿದ್ದು ಗಾಳಿ ಒಂದೇ. ಮೋಟರ್ ಬಂದ ದಿನ ಅದೂ ಹೋಯ್ತಲ್ಲ ಅಂತ ಅತ್ತಿದ್ದೆ. ಆತ ಶಿಲುಬೆ ಮೇಲೆ ಕಡೇ ಉಸಿರಿನವರೆಗೂ ಕೊಟ್ಟ. ನಾನು ಕೊಟ್ಟಿದ್ದು ಅರ್ಧರ್ಧ ಗಂಟೆ, ಮಧ್ಯೆ ಹತ್ತು ನಿಮಿಷ ರಜ ಬೇರೆ."

ಭಕ್ತಿಯ ಮಾತುಗಳೆಂದರೆ ನನಗೆ ಯಾವಾಗಲೂ ಅಲರ್ಜಿ. ಬೆಂಚಿನ ಮೇಲೆ ಕಣ್ಣು ಮುಚ್ಚಿ ತೂಗಾಡುವವರನ್ನು ಕಂಡರೆ ಮೂಗು ಮುರಿಯುವವಳು ನಾನು. ಅವತ್ತು ಆ ಮಂಚದ ಪಕ್ಕ ನನಗೆ ಮೂಗು ಮುರಿಯಲು ಆಗಲಿಲ್ಲ. ಅವನ ಕೈ ತೆಗೆದು ನೋಡಿದೆ. ಅಂಗೈಯಲ್ಲಿ ಹಿಡಿಯ ಗುರುತು ದಪ್ಪಗೆ ಗಟ್ಟಿಯಾಗಿ ಕೂತಿತ್ತು. ನಾನು ಆ ಕೈಯನ್ನು ನನ್ನ ಕಣ್ಣಿಗೆ ಒತ್ತಿಕೊಂಡೆ.

ಪರೀಕ್ಷಕಿಯ ಪತ್ರ ವಾರದ ನಂತರ ಬಂತು. ಪಾಸಾಗಲು ಬೇಕಾದದ್ದಕ್ಕಿಂತ ಒಂದೇ ಅಂಕ ಹೆಚ್ಚು. ಮಧ್ಯಭಾಗದ ಗಾಳಿ ತೀರಾ ಅಸಮವಾಗಿತ್ತು, ಅದಕ್ಕೆ ಮುಂಚೆ ಕೃತಿಯಲ್ಲಿಲ್ಲದ ಒಂದು ಮೌನವಿತ್ತು, ಎರಡಕ್ಕೂ ಅಂಕ ಕಡಿತ ಎಂದು ಬರೆದಿದ್ದರು. ಕೆಳಗೆ ಪೆನ್ನಿನಲ್ಲಿ ಬೇರೆಯಾಗಿ ಒಂದು ಸಾಲು: ಆ ಮೌನವನ್ನು ಬಿಡಬೇಡಿ.

ಅಧ್ಯಕ್ಷರು ಆ ತಿಂಗಳೇ ಹೊಸ ಮೋಟರ್ ತರಿಸಿದರು. ಅದನ್ನು ಕೂರಿಸುವ ಮುಂಚೆ ನಾನೂ ಫಾದರೂ ಸೇರಿ ಅಪ್ಪನನ್ನು ಅಟ್ಟಕ್ಕೆ ಹತ್ತಿಸಿದೆವು. ಹಿಂದಿನ ಕೋಣೆಯ ಗೋಡೆಯನ್ನು ಅವರಿಗೆ ತೋರಿಸಬೇಕಿತ್ತು.

ಹಿಡಿಯ ಎದುರಿನ ಬಿಳಿ ಗೋಡೆ ಪೂರ್ತಿ ಪೆನ್ಸಿಲ್ ಗುರುತು. ಗಂಟೆಮಾವನಿಗೆ ಸಂಗೀತದ ಬರಹ ಓದಲು ಬರುತ್ತಿರಲಿಲ್ಲ. ತಾನೇ ಒಂದು ಬರಹ ಮಾಡಿಕೊಂಡಿದ್ದ. ಜೋರು ಜಾಗಕ್ಕೆ ದಪ್ಪ ಗೆರೆ, ಏರಿದ ಕಡೆ ಗುಡ್ಡ, ಇಳಿದ ಕಡೆ ಇಳಿಜಾರು, ದೊಡ್ಡ ಸ್ವರಗುಚ್ಛ ಬರುವ ಮುಂಚೆ ಎರಡು ಚುಕ್ಕೆ, ಅಂದರೆ ಗಾಳಿ ಮುಂಚೆಯೇ ತುಂಬಿಟ್ಟುಕೋ ಎಂದು. ಹದಿನಾಲ್ಕು ನಿಮಿಷದ ಇಡೀ ಕೃತಿ ಅಲ್ಲಿತ್ತು, ಒಂದು ತಿರುವೂ ತಪ್ಪದೆ. ಮೆಲ್ಲನೆಯ ಜಾಗಕ್ಕೆ ಒಂದು ಪೆಟ್ಟಿಗೆ ಬರೆದು, "ಇಲ್ಲಿ ಉಸಿರು ಬೇಡ. ಕಾಲಿನ ದಪ್ಪ ಸ್ವರ ಬಂದಾಗ ಮಾತ್ರ," ಎಂದು ಗೀಚಿದ್ದ. ಅದರ ಪಕ್ಕ ಸಂಖ್ಯೆಗಳ ಸಾಲು. ಒಂಬತ್ತು, ಒಂಬತ್ತು, ಹನ್ನೊಂದು, ಹದಿನಾಲ್ಕು, ಹತ್ತು, ಹದಿನೆಂಟು, ಇಪ್ಪತ್ತೆರಡು. ಒಂದೊಂದು ದಿನ ಎಷ್ಟು ಎಣಿಸುವವರೆಗೆ ಉಸಿರು ಹಿಡಿದೆ ಎಂಬುದು.

ಅಪ್ಪ ಎಡಗೈಯ ಬೆರಳಿನಿಂದ ಆ ಗೆರೆಗಳನ್ನು ಮೊದಲಿಂದ ಕೊನೆಯವರೆಗೆ ಮುಟ್ಟುತ್ತಾ ಹೋದರು. ತುಟಿ ಅಲುಗುತ್ತಿತ್ತು, ಒಳಗೇ ಹಾಡಿಕೊಳ್ಳುತ್ತಿದ್ದರು. ಮುಗಿದ ಮೇಲೆ ಹೇಳಿದರು, "ಇವನಿಗೆ ಕಿವಿ ಇಲ್ಲ... ಅಂದಿದ್ದೆ."

ಆಮೇಲೆ ನನ್ನತ್ತ ತಿರುಗಿ, "ನನಗೆ ಅನುಮಾನ ಇತ್ತು ಪುಟ್ಟಿ. ಮೋಟರು ಹಾಗೆ ಉಸಿರಾಡಲ್ಲ. ಕೇಳಿದರೆ ನೀನು ನಿಲ್ಲಿಸ್ತೀಯ ಅಂತ... ಕೇಳಲಿಲ್ಲ," ಎಂದು ಮಗುವಿನ ಹಾಗೆ ಅತ್ತರು. ನನಗೆ ಅಪ್ಪನ ಮೇಲೆ ಸಿಟ್ಟು ಬಂತು. ಎಷ್ಟೋ ದಿನ ಇತ್ತು ಕೂಡ. ಆದರೆ ಆಸ್ಪತ್ರೆಯಿಂದ ಬಂದ ಗಂಟೆಮಾವ ನೇರ ನಮ್ಮ ಮನೆಗೇ ಬಂದು, ಅಪ್ಪನ ಎದುರು ಕೂತು, "ಆಣೆ ಮುರಿದಿದ್ದಕ್ಕೆ ಕ್ಷಮಿಸು ಮಾರಾಯ," ಎಂದು ತಾನೇ ಕೈಮುಗಿದ. ಅದನ್ನು ನೋಡಿದ ಮೇಲೆ ಸಿಟ್ಟು ಇಟ್ಟುಕೊಳ್ಳಲು ನನಗೆ ನಾಚಿಕೆಯಾಯಿತು.

ಅವನು ಆಮೇಲೆ ನಾಲ್ಕು ವರ್ಷ ಬದುಕಿದ. ಗಂಟೆ ಹೊಡೆಯುವ ಕೆಲಸ ಬಿಟ್ಟ, ಮೇಣ ಕೆರೆಯುವುದು ಬಿಟ್ಟ. ಭಾನುವಾರ ಮಾತ್ರ ನಿಧಾನಕ್ಕೆ ಬಂದು ಹಿಂದಿನ ಬೆಂಚಿನಲ್ಲಿ ಕೂತು, ಬಾಯಿ ಮುಚ್ಚಿಕೊಂಡು ಕೇಳುತ್ತಿದ್ದ. ಅವನು ತೀರಿಕೊಂಡ ಮೇಲೆ, ಮಣ್ಣಿಗೆ ಇಡುವ ಮುಂಚಿನ ಪೂಜೆಯಲ್ಲಿ ನಾವು ಮೋಟರ್ ಹಾಕಲಿಲ್ಲ. ಅಧ್ಯಕ್ಷರು ಕೋಟು ಬಿಚ್ಚಿಟ್ಟು ಹಿಂದಿನ ಕೋಣೆಗೆ ಹೋದರು. ಆ ಗೋಡೆ ನೋಡಿಕೊಂಡು ಹದಿನಾಲ್ಕು ನಿಮಿಷ ಹಿಡಿ ಒತ್ತಿದರು. ಹೊರಗೆ ಬಂದಾಗ ಅಂಗಿ ಪೂರ್ತಿ ನೆನೆದಿತ್ತು. ದಿನಾ ನಾಲ್ಕು ಗಂಟೆ ಹೇಗೆ ಮಾಡಿದನಮ್ಮ ಎಂದು ನನ್ನನ್ನು ಕೇಳಿದರು. ಆ ಎದೆ ಇಟ್ಟುಕೊಂಡು ಹೇಗೆ ಎಂದು ಮತ್ತೆ ಕೇಳಿದರು.

ಈಗ ನನಗೆ ಐವತ್ತೆಂಟು. ಚರ್ಚಿಗೆ ಈ ನಡುವೆ ಮೂರು ಸಲ ಸುಣ್ಣ ಬಳಿಸಿದ್ದೇವೆ, ಆ ಒಂದು ಗೋಡೆಯನ್ನು ಬಿಟ್ಟು. ನನ್ನ ಹತ್ತಿರ ಕಲಿಯಲು ಬರುವವರು ಆ ಕೃತಿಯನ್ನು ನುಡಿಸುವಾಗ ಮೆಲ್ಲನೆಯ ಜಾಗಕ್ಕೆ ಮುಂಚೆ ಕೈಯೆತ್ತಿ ಇಪ್ಪತ್ತೆರಡು ಎಣಿಸಬೇಕು, ಅದು ನನ್ನ ಕಟ್ಟಪ್ಪಣೆ. ಪುಸ್ತಕದಲ್ಲಿ ಹಾಗಿಲ್ಲವಲ್ಲ ಎಂದು ಪ್ರತಿಯೊಬ್ಬರೂ ಕೇಳುತ್ತಾರೆ. ಇಲ್ಲ, ಗೋಡೆಯಲ್ಲಿದೆ ಎನ್ನುತ್ತೇನೆ. ಕರೆದುಕೊಂಡು ಹೋಗಿ ತೋರಿಸುತ್ತೇನೆ. ಆಮೇಲೆ ಯಾರೂ ಇಪ್ಪತ್ತೆರಡಕ್ಕೆ ಕಡಿಮೆ ಎಣಿಸುವುದಿಲ್ಲ.